ತಾತ ಇದ್ದ ಸ್ಯಾಪರ್ಸ್ ಸೆಂಟರ್ ಒಳಗೆ ಹೋಗಿ ನೋಡಬಹುದಾ? (ಹಲಸೂರು, ಬೆಂಗಳೂರು)

ಸಂಪಿಗೆಮರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮಮ್ಮನ ಅಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಊರಲ್ಲಿ ಅವರ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮಿಲ್ಟ್ರಿ ತಾತ ಅಂದರೆ ಗೊತ್ತಾಗುತ್ತದೆ. ತಾತ ಹೋಗಿ ಮೂವತ್ತು ವರ್ಷದ ಮೇಲಾಯಿತು. ಮನೆ ಮಾತ್ರ ಇನ್ನೂ ಮಿಲ್ಟ್ರಿ ಮನೆಯೇ.

ನನ್ನ ದೊಡ್ಡ ಸೋದರಮಾವನಿಗೆ ಈಗ 77. ಮಂಡಿ ನೋವು, ಜಾಸ್ತಿ ಓಡಾಡುವುದಿಲ್ಲ. ಹೋದ ತಿಂಗಳು ಬೆಂಗಳೂರಿಗೆ ಬಂದಿದ್ದಾಗ ಹಲಸೂರು ಕೆರೆ ಪಕ್ಕ ಕಾರಿನಲ್ಲಿ ಹೋಗುತ್ತಿದ್ದೆವು. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್, ಸ್ಯಾಪರ್ಸ್ ಪಡೆಯ ಈಗಿನ ಹೆಸರು) ಗೋಡೆ ಕಂಡ ತಕ್ಷಣ "ಇದರೊಳಗೇ ಅಲ್ವಾ ನಮ್ಮಪ್ಪ ಇದ್ದದ್ದು, ನಿಲ್ಲಿಸು" ಅಂದರು. ನಿಲ್ಲಿಸುವ ಹಾಗಿರಲಿಲ್ಲ. ಹಿಂದೆ ಹಾರ್ನು, ಮುಂದೆ ಸಂತ್ರಿ. ಮಾವ ಕುತ್ತಿಗೆ ತಿರುಗಿಸಿಕೊಂಡು ಗೋಡೆ ಮುಗಿಯುವ ತನಕ ನೋಡಿದರು. ಆಮೇಲೆ ಮನೆ ತಲುಪುವವರೆಗೂ ಮಾತಿಲ್ಲ.

ಅವರನ್ನು ಒಂದು ಸಲ ಒಳಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ನಮ್ಮ ಹತ್ತಿರ ಇರುವುದು ಇಷ್ಟು: ಹಜಾರದ ಗೋಡೆ ಮೇಲೆ ಫ್ರೇಮ್ ಹಾಕಿಸಿದ ಡಿಸ್ಚಾರ್ಜ್ ಸರ್ಟಿಫಿಕೇಟು, ಟ್ರಂಕಿನಲ್ಲಿ ಎರಡು ಮೆಡಲು, ಮಾಸಿದ ಒಂದು ಫೋಟೊ. ತಾತ ಬರ್ಮಾದಲ್ಲಿ ಜಪಾನಿನವರ ಮೇಲೆ ಯುದ್ಧ ಮಾಡಿದವರು. ಇದನ್ನು ಕೇಳಿಕೊಂಡೇ ನಾವೆಲ್ಲ ಬೆಳೆದದ್ದು.

ಯಾರನ್ನು ಕೇಳಬೇಕು? ಸಾಮಾನ್ಯ ಜನರನ್ನು ಒಳಗೆ ಬಿಡುತ್ತಾರಾ?

ಅನುಮಾನಪಕ್ಷಿ

ಸುಮ್ನೆ ಗೇಟಿಗೆ ಹೋಗಿ ಕೇಳಬೇಡಿ. ನಾನು ಬೇರೆ ಊರಿನ ಒಂದು ಸೇನಾ ಕೇಂದ್ರದ ಮುಂದೆ ಇದೇ ಕೆಲಸ ಮಾಡಿದೆ. ಅಪ್ಪ ಕೆಲಸ ಮಾಡಿದ ಜಾಗ ಅಂತ ಭಾವುಕನಾಗಿ ಗೇಟಿನ ಫೋಟೊ ಹೊಡೆದೆ. ಎರಡು ನಿಮಿಷದಲ್ಲಿ ನಾನು ಗಾರ್ಡ್ ರೂಮಿನಲ್ಲಿದ್ದೆ. ಫೋನಿನ ಫೋಟೊ ಎಲ್ಲ ಅಳಿಸಿ, ಆಧಾರ್ ನಂಬರ್ ಬರೆದುಕೊಂಡು, ಒಂದು ಗಂಟೆ ಕೂರಿಸಿ ಕಳಿಸಿದರು. ತಪ್ಪು ನನ್ನದೇ. ಅಲ್ಲಿ ದೊಡ್ಡದಾಗಿ ಬೋರ್ಡ್ ಇತ್ತು. 1923ರ ಅಧಿಕೃತ ರಹಸ್ಯ ಕಾಯ್ದೆ ಈಗಲೂ ಜಾರಿಯಲ್ಲಿದೆ, ತಾತನ ನೆನಪು ಅಂದರೆ ಬಿಡುವುದಿಲ್ಲ.

ಹಳೇತಂಬಿ

ತಾಯಿ, ನಿಮ್ಮ ಪೋಸ್ಟ್ ಓದಿ ತುಂಬಾ ಖುಷಿಯಾಯಿತು. ನಾನು ಅದೇ ಗೋಡೆಯೊಳಗೆ ರಿಕ್ರೂಟ್ ಆಗಿ ಸೇರಿ, 28 ವರ್ಷ ಸೇವೆ ಮಾಡಿ, ಸುಬೇದಾರ್ ಆಗಿ ಹೊರಗೆ ಬಂದವನು. ನಮ್ಮನ್ನು ಸೈನ್ಯದಲ್ಲಿ ಎಲ್ಲ ಕಡೆ ತಂಬಿ ಅಂತ ಕರೆಯುತ್ತಾರೆ. ತಮಿಳಿನಲ್ಲಿ ತಮ್ಮ ಅಂತ ಅರ್ಥ. ಕನ್ನಡದವನೂ ತಂಬಿಯೇ, ತೆಲುಗಿನವನೂ ತಂಬಿಯೇ, ಮಲಯಾಳಿಯೂ ತಂಬಿಯೇ.

ನಮ್ಮ ಗ್ರೂಪ್ ಶುರುವಾದದ್ದು 1780ರಲ್ಲಿ, ಮದ್ರಾಸಿನಲ್ಲಿ, ಎರಡು ಪಯೋನಿಯರ್ ಕಂಪನಿಗಳಾಗಿ. ಬೆಂಗಳೂರಿಗೆ ಬಂದದ್ದು 1834ರಲ್ಲಿ. ಅಂದಿನಿಂದ ಮನೆ ಇಲ್ಲೇ. ನಿಮ್ಮ ತಾತನ ಕಾಲದಲ್ಲಿ ಪೂರ್ತಿ ಹೆಸರು ಕ್ವೀನ್ ವಿಕ್ಟೋರಿಯಾಸ್ ಓನ್ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್. ಸರ್ಟಿಫಿಕೇಟಿನಲ್ಲಿ ಹಾಗೇ ಇರುತ್ತದೆ ನೋಡಿ.

ಈಗ ಕೆಲಸದ ಮಾತು. ಒಳಗೆ ಹೋಗುವುದು ಸಾಧ್ಯ, ಆದರೆ ಗೇಟಿನಲ್ಲಿ ಕೇಳಿ ಅಲ್ಲ. ಕಮಾಂಡೆಂಟ್ ಅವರಿಗೆ ಒಂದು ಪುಟದ ಪತ್ರ ಬರೆಯಿರಿ. ಒಂದೇ ಪುಟ. ಯಾರು, ಯಾಕೆ, ಎಷ್ಟು ಜನ, ಯಾವ ವಾರ ಅನುಕೂಲ. ಜೊತೆಗೆ ತಾತನ ಸರ್ಟಿಫಿಕೇಟಿನ ಪ್ರತಿ, ಬರುವವರ ಗುರುತಿನ ಚೀಟಿ. ವಯಸ್ಸಾದವರು ಇದ್ದಾರೆ, ಮಂಡಿ ನೋವು ಇದೆ ಅಂತಲೂ ಬರೆಯಿರಿ. ದಿನ ಅವರೇ ಹೇಳಲಿ. ಪರೇಡ್, ಪರೀಕ್ಷೆ, ದೊಡ್ಡ ಸಾಹೇಬರ ಭೇಟಿ ಇರುವ ದಿನ ನಿಮ್ಮನ್ನು ನೋಡಿಕೊಳ್ಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಬರುವವರಲ್ಲಿ ಯಾರಿಗಾದರೂ ವಿದೇಶಿ ಪಾಸ್‌ಪೋರ್ಟ್ ಇದ್ದರೆ ಅದು ಬೇರೆ ದಾರಿ, ಬೇರೆ ಅನುಮತಿ. ತಿಂಗಳುಗಟ್ಟಲೆ ಮೊದಲೇ ಕೇಳಬೇಕು.

ಮುಖ್ಯವಾದದ್ದು ನಂಬರ್. ಹೆಸರು ಹೇಳಿದರೆ ಅದೇ ಹೆಸರಿನ ನೂರು ಜನ ಸಿಗುತ್ತಾರೆ. ಆರ್ಮಿ ನಂಬರ್ ಇದ್ದರೆ ಮಾತ್ರ ಅವರು ನಿಮ್ಮ ತಾತ. ಸರ್ಟಿಫಿಕೇಟಿನಲ್ಲಿ ನಂಬರ್, ರ‍್ಯಾಂಕ್, ಟ್ರೇಡ್ ಏನಿದೆ ನೋಡಿ. ನಂಬರನ್ನು ಇಲ್ಲಿ ಹಾಕಬೇಡಿ. ಮೆಡಲ್ ದುಂಡಗಿದೆಯಾ, ನಕ್ಷತ್ರದ ಹಾಗಿದೆಯಾ ಅದನ್ನೂ ಹೇಳಿ.

ಸಂಪಿಗೆಮರ

ಸರ್, ಇಷ್ಟು ಬೇಗ ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಊರಿಗೆ ಫೋನ್ ಮಾಡಿ ಅತ್ತೆ ಹತ್ತಿರ ಓದಿಸಿದೆ. ರ‍್ಯಾಂಕ್ ನಾಯಕ್. ಟ್ರೇಡ್ ಕಾರ್ಪೆಂಟರ್. 1940ರಲ್ಲಿ ಸೇರಿದ್ದು, 1946ರಲ್ಲಿ ಬಿಡುಗಡೆ. ಮೆಡಲ್ ಎರಡೂ ದುಂಡಗಿವೆ. ಒಂದರ ಹಿಂದೆ ಸಿಂಹ ಯಾವುದೋ ಪ್ರಾಣಿಯ ಮೇಲೆ ನಿಂತಿದೆಯಂತೆ, ಇನ್ನೊಂದರ ಹಿಂದೆ ಭಾರತದ ನಕ್ಷೆಯಂತೆ. ಅಂಚಿನಲ್ಲಿ ಸಣ್ಣ ಅಕ್ಷರ ಇದೆ, ಅತ್ತೆಗೆ ಕಾಣಲಿಲ್ಲ.

ಕಾರ್ಪೆಂಟರ್ ಅಂತ ನೋಡಿ ಆಶ್ಚರ್ಯ ಆಗಲಿಲ್ಲ. ತಾತ ಊರಿಗೆ ಬಂದ ಮೇಲೆ ಮರಗೆಲಸವೇ ಮಾಡಿದ್ದು. ಅವರು ಮಾಡಿದ ಮಂಚದಲ್ಲಿ ಒಂದು ಮೊಳೆ ಇಲ್ಲ. ಗೂಟ ತೆಗೆದರೆ ಇಡೀ ಮಂಚ ಬಿಚ್ಚಿಕೊಂಡು ಬರುತ್ತದೆ. ಮಾವ ಈಗಲೂ ಅದರ ಮೇಲೇ ಮಲಗುವುದು.

ತಾತನ ಮಿಲ್ಟ್ರಿ ಮಾತಿನಲ್ಲಿ ನನಗೆ ನೆನಪಿರುವುದು ಒಂದೇ. "ಬೇಲಿ ಕಟ್ಟೋದ್ರಲ್ಲಿ ನಮ್ಮ ಸೆಕ್ಷನ್ನೇ ಫಸ್ಟು" ಅನ್ನುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ಬೇಲಿ ಕಟ್ಟೋದಕ್ಕೆ ಮಿಲ್ಟ್ರಿಗೆ ಯಾಕೆ ಹೋಗಬೇಕಿತ್ತು ತಾತ ಅಂತ.

ಲೈಬ್ರರಿಮೇಷ್ಟ್ರು

ಮೆಡಲ್ ಬಗ್ಗೆ ನಾನು ಸ್ವಲ್ಪ ಹೇಳಬಹುದು. ಹೇಳಲು ಸಂಕೋಚವೂ ಆಗುತ್ತಿದೆ.

ಸಿಂಹ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತಿರುವುದು 1939–45ರ ವಾರ್ ಮೆಡಲ್. ನಕ್ಷೆ ಇರುವುದು ಇಂಡಿಯಾ ಸರ್ವಿಸ್ ಮೆಡಲ್. ಇದು ಭಾರತೀಯ ಪಡೆಗಳಿಗೆ ಮಾತ್ರ ಕೊಟ್ಟದ್ದು. ಯುದ್ಧದ ಅವಧಿಯಲ್ಲಿ, ಕಾಳಗ ನಡೆಯದ ಕಡೆ, ಭಾರತದಲ್ಲೇ ಮೂರು ವರ್ಷ ಸೇವೆ ಮಾಡಿದವರಿಗೆ.

ರಣರಂಗಕ್ಕೆ ಹೋದವರಿಗೆ ಸಿಕ್ಕುತ್ತಿದ್ದದ್ದು ಆರು ಮೂಲೆಯ ಕಂಚು ಬಣ್ಣದ ನಕ್ಷತ್ರ. ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್, ಬರ್ಮಾ ಸ್ಟಾರ್. ಬರ್ಮಾ ಸ್ಟಾರ್‌ಗೆ ಲೆಕ್ಕ 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗೆ. ನಿಮ್ಮ ಟ್ರಂಕಿನಲ್ಲಿ ನಕ್ಷತ್ರ ಇಲ್ಲ.

ಕಳೆದುಹೋಗಿರಬಹುದು, ಅದೂ ಸಾಧ್ಯ. ಇಂಡಿಯಾ ಸರ್ವಿಸ್ ಮೆಡಲ್ ಜೊತೆಗೆ ಸ್ಟಾರ್ ಪಡೆದವರೂ ಇದ್ದಾರೆ. ಆದರೆ ಪತ್ರದಲ್ಲಿ "ಬರ್ಮಾದಲ್ಲಿ ಕಾದಾಡಿದ ನಮ್ಮ ತಾತ" ಅಂತ ಬರೆಯುವ ಮೊದಲು ಇನ್ನೊಂದು ಸಲ ನೋಡಿ.

ಇನ್ನೊಂದು ವಿಷಯ. ಬ್ರಿಟನ್ನಿನ ಸೈನಿಕರ ಎರಡನೇ ಮಹಾಯುದ್ಧದ ಮೆಡಲ್‌ಗಳಲ್ಲಿ ಹೆಸರು ಇರುವುದಿಲ್ಲ. ನಮ್ಮವರ ಮೆಡಲ್‌ಗಳಲ್ಲಿ ನಂಬರ್, ಹೆಸರು ಕೆತ್ತಿ ಕೊಟ್ಟಿದ್ದಾರೆ. ಅತ್ತೆಗೆ ಕಾಣದ ಸಣ್ಣ ಅಕ್ಷರ ಅದೇ. ಮೆಡಲನ್ನು ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಬೇಡಿ ದಯವಿಟ್ಟು. ಅಕ್ಷರ ಸವೆಯುತ್ತದೆ.

ಸಂಪಿಗೆಮರ

ಮಾವನಿಗೆ ಹೇಳಿದೆ. ಹೇಳಬಾರದಿತ್ತೇನೋ.

"ನಿನ್ನ ಇಂಟರ್ನೆಟ್ಟಿನವರು ನಮ್ಮಪ್ಪನ್ನ ನೋಡಿದ್ದರಾ" ಅಂದರು. ರಾತ್ರಿ ಊಟಕ್ಕೆ ಎದ್ದು ಬರಲಿಲ್ಲ. ಅತ್ತೆ ನನಗೇ ಬೈದರು. ನಿಜ ಹೇಳಬೇಕೆಂದರೆ ನನಗೂ ಬೇಜಾರಾಗಿದೆ. ಆರು ವರ್ಷವೂ ಇಲ್ಲೇ ಹಲಸೂರಿನಲ್ಲಿ ಇದ್ದು, ಊರಿಗೆ ಬಂದು ಬರ್ಮಾ ಬರ್ಮಾ ಅಂದರಾ?

ಅನುಮಾನಪಕ್ಷಿ

ನನ್ನ ಹೆಸರಿಗೆ ತಕ್ಕ ಹಾಗೆ ನಾನೇ ಅನುಮಾನ ಪಡಬೇಕಿತ್ತು, ಪಡುವುದಿಲ್ಲ. ತಾತ ಏನು ಹೇಳಿದರು, ಊರಿನವರು ಏನು ಸೇರಿಸಿದರು, ಎರಡೂ ಬೇರೆ ಅಲ್ವಾ? ಮಿಲ್ಟ್ರಿ ಅಂದ ತಕ್ಷಣ ಊರಿನವರು ಕೈಗೆ ಬಂದೂಕು ಕೊಟ್ಟುಬಿಡುತ್ತಾರೆ.

ಹಳೇತಂಬಿ

ತಾಯಿ, ಮಾವನಿಗೆ ಒಂದು ಮಾತು ಹೇಳಿ. ಇಲ್ಲೇ ಇದ್ದರೆ ಅದು ಸಣ್ಣ ಕೆಲಸ ಅಲ್ಲ. 1945ರ ಹೊತ್ತಿಗೆ ಭಾರತೀಯ ಸೇನೆಯಲ್ಲಿ 25 ಲಕ್ಷ ಜನ ಇದ್ದರು. ಹೊಲ ಬಿಟ್ಟು ಬಂದ ಹುಡುಗನಿಗೆ ಬಲ ಯಾವುದು ಎಡ ಯಾವುದು ಅನ್ನುವುದರಿಂದ ಹಿಡಿದು ಸೇತುವೆ ಕಟ್ಟುವ ತನಕ ಯಾರೋ ಕಲಿಸಬೇಕಿತ್ತು. ಕೆಲಸ ಚೆನ್ನಾಗಿ ಬಲ್ಲ ನಾಯಕ್ ಒಬ್ಬ ಸಿಕ್ಕಿದರೆ ಸೆಂಟರ್ ಅವನನ್ನು ಬಿಡುವುದಿಲ್ಲ. ನನ್ನನ್ನೂ ನಾಲ್ಕು ವರ್ಷ ಬಿಡಲಿಲ್ಲ.

ಫ್ರೇಮ್ ಹಾಕಿಸಿದ್ದೀರಿ ಅಂದಿರಲ್ಲ. ಆ ಸರ್ಟಿಫಿಕೇಟಿಗೆ ಹಿಂಬದಿ ಇರುತ್ತದೆ. ಅದರಲ್ಲಿ ಏನಿದೆ ಯಾರಾದರೂ ನೋಡಿದ್ದೀರಾ?

ಕುಂದಾನಗರಿ

ನಡುವೆ ಬಾಯಿ ಹಾಕುತ್ತಿದ್ದೇನೆ, ತಪ್ಪು ತಿಳಿಯಬೇಡ್ರಿ. ನಮ್ಮದು ಬೆಳಗಾವಿ. ನಮ್ಮ ಮುತ್ಯಾನ ಅಣ್ಣ ಮರಾಠಾ ಲೈಟ್ ಇನ್ಫಂಟ್ರಿಯಲ್ಲಿದ್ದು ಇಟಲಿಯಲ್ಲಿ ತೀರಿಕೊಂಡರು. ಮನೆಯಲ್ಲಿ ಒಂದು ತಂತಿ ಬಿಟ್ಟರೆ ಏನೂ ಇರಲಿಲ್ಲ. ಎಲ್ಲಿ ಸತ್ತರು, ಮಣ್ಣು ಮಾಡಿದರೋ ಸುಟ್ಟರೋ, ಯಾವುದೂ ಗೊತ್ತಿಲ್ಲ.

ದಿಲ್ಲಿಗೆ ಹೋದಾಗ ಇಂಡಿಯಾ ಗೇಟಿನ ಮೇಲೆ ಹೆಸರು ಹುಡುಕಿದ್ದೇ ಹುಡುಕಿದ್ದು. ಅದು ಮೊದಲನೇ ಮಹಾಯುದ್ಧ ಮತ್ತು ಮೂರನೇ ಆಫ್ಘನ್ ಯುದ್ಧದವರದ್ದು ಅಂತ ಆಮೇಲೆ ತಿಳಿಯಿತು. ಪಕ್ಕದಲ್ಲೇ 2019ರಲ್ಲಿ ಶುರುವಾದ ರಾಷ್ಟ್ರೀಯ ಯುದ್ಧ ಸ್ಮಾರಕ ಇದೆ. ಅಲ್ಲಿರುವುದು ಸ್ವಾತಂತ್ರ್ಯ ಬಂದ ಮೇಲಿನವರು. ಎರಡರ ನಡುವೆ ನಮ್ಮ ದೊಡ್ಡ ಮುತ್ಯಾ ಎಲ್ಲಿಯೂ ಇಲ್ಲ!

ಕಡೆಗೆ ಸಿಕ್ಕಿದ್ದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅವರ ವೆಬ್‌ಸೈಟಿನಲ್ಲಿ. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ಒಳಗೆ ಸೇವೆಯಲ್ಲಿ ಸತ್ತವರ ಹೆಸರು ಅಲ್ಲಿದೆ. ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ. ಯಾವ ಗುಮಾಸ್ತ ಯಾವ ಸ್ಪೆಲ್ಲಿಂಗ್ ಬರೆದಿದ್ದಾನೋ ದೇವರಿಗೇ ಗೊತ್ತು. ರೆಜಿಮೆಂಟ್ ಹಾಕಿ, ಜಿಲ್ಲೆ ಹಾಕಿ ಹುಡುಕಬೇಕು. ಅದೂ ಹಳೇ ಹೆಸರು, ಬೆಳಗಾಂ, ಧಾರವಾಡ ಅಂತ ಬ್ರಿಟಿಷರು ಬರೆಯುತ್ತಿದ್ದ ಹಾಗೆ. ಹೆಸರಿನ ಕೆಳಗೆ ಅಪ್ಪನ ಹೆಸರು, ಊರಿನ ಹೆಸರು ಇರುತ್ತದೆ. ನಮ್ಮ ಊರಿನ ಹೆಸರನ್ನು ಹೇಗೆ ಬರೆದಿದ್ದರೆಂದರೆ ನಾನು ಮೂರು ಸಲ ಜೋರಾಗಿ ಓದಿದ ಮೇಲೆ ಗೊತ್ತಾಯಿತು. ಕ್ಯಾಸಿನೊ ಸ್ಮಾರಕದ ಕಲ್ಲಿನ ಮೇಲೆ ಇದ್ದಾರೆ. ಗೋರಿ ಇಲ್ಲದವರ ಹೆಸರು ಕೆತ್ತಿದ ಕಲ್ಲು ಅದು.

ಬೆಳಗಾವಿಯ ಮರಾಠಾ ಸೆಂಟರ್ ಒಳಗೆ ನಾನು ಹೋದದ್ದು ಬೇರೆ ರೀತಿ. ನಮ್ಮ ಓಣಿಯ ಹುಡುಗ ಸೇರಿದ್ದ, ತರಬೇತಿ ಮುಗಿದು ಪ್ರಮಾಣ ಮಾಡುವ ಅವನ ಕಸಮ್ ಪರೇಡಿಗೆ ಮನೆಯವರನ್ನು ಕರೆದಿದ್ದರು. ಅವರ ಜೊತೆ ನಾನೂ ಹೋದೆ. ರೆಜಿಮೆಂಟಿನ ಇಬ್ಬರಿಗೆ ಇಟಲಿಯಲ್ಲಿ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂದಿದೆ, ಯಶವಂತ ಘಾಡ್ಗೆ ಮತ್ತು ನಾಮದೇವ ಜಾಧವ್. ಅವರ ಹೆಸರು ಎಲ್ಲರಿಗೂ ಗೊತ್ತು. ನಾನು ಮೈದಾನದ ಮಣ್ಣು ನೋಡಿಕೊಂಡು ನಿಂತಿದ್ದೆ. ನಮ್ಮವರು ಇಲ್ಲೇ ಬೂಟು ಸವೆಸಿರಬೇಕು ಅಂತ ಅನ್ನಿಸಿತು, ಅಷ್ಟೇ.

ಕಾಫಿತೋಟ

ಕುಂದಾನಗರಿ ಅವರು ಹೇಳಿದ್ದು ಒಳ್ಳೇ ದಾರಿ. ನಮ್ಮಪ್ಪ ಮದ್ರಾಸ್ ರೆಜಿಮೆಂಟ್, ತರಬೇತಿ ನೀಲಗಿರಿಯ ವೆಲಿಂಗ್ಟನ್‌ನಲ್ಲಿ. ಅಲ್ಲಿಗೆ ಊಟಿಯ ಪುಟಾಣಿ ರೈಲು ಹೋಗುತ್ತದೆ, ವೆಲಿಂಗ್ಟನ್ ಅಂತಲೇ ಸ್ಟೇಷನ್ ಇದೆ. ಅಪ್ಪನಿಗೆ ಒಳಗೆ ಹೋಗುವ ಹಟ ಇರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಇಳಿದು, ಚಳಿಗೆ ಕೈ ಉಜ್ಜಿಕೊಂಡು, "ಅಡಿ ಕೊಲ್ಲು, ಅಡಿ ಕೊಲ್ಲು" ಅಂತ ರೆಜಿಮೆಂಟಿನ ಕೂಗು ಒಂದು ಸಲ ಕೂಗಿ ಮತ್ತೆ ಹತ್ತಿ ಕೂತರು. ಬೋಗಿಯಲ್ಲಿದ್ದ ಪ್ರವಾಸಿಗಳು ಗಾಬರಿ!

ಅನುಮತಿ ಸಿಗದೆ ಬೇಸರ ಆದರೆ ಮಡಿಕೇರಿಗೆ ಬನ್ನಿ. ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ 2021ರಿಂದ ಮ್ಯೂಸಿಯಂ ಆಗಿದೆ. ಪತ್ರ ಬೇಡ, ಕಮಾಂಡೆಂಟ್ ಬೇಡ. ಟಿಕೆಟ್ ತೆಗೆದು ಒಳಗೆ ಹೋಗಬಹುದು.

ರಾಗಿಮುದ್ದೆ

ನನ್ನದೊಂದು ಗೊಣಗಾಟ. ನಾನೂ ಅಜ್ಜನ ಬಗ್ಗೆ ಒಂದು ರೆಕಾರ್ಡ್ ಆಫೀಸಿಗೆ ಎರಡು ಸಲ ಬರೆದೆ, ಬೇರೆ ರೆಜಿಮೆಂಟಿನದು, ಹೆಸರು ಬೇಡ. ಮೊದಲ ಪತ್ರಕ್ಕೆ ಉತ್ತರವೇ ಇಲ್ಲ. ಎರಡನೆಯದಕ್ಕೆ "ದಾಖಲೆ ಲಭ್ಯವಿಲ್ಲ" ಅಂತ ಒಂದು ಸಾಲು. ಇಷ್ಟೇನಾ?

ಹಳೇತಂಬಿ

ನೀವು ಕೇಳಿದ್ದು ಬಹುಶಃ ಶೀಟ್ ರೋಲ್. ಒಬ್ಬ ಸಿಪಾಯಿಯ ಪೂರ್ತಿ ಜಾತಕ ಅದು. ಎಲ್ಲಿದ್ದ, ಯಾವ ಕೋರ್ಸ್ ಮಾಡಿದ, ಯಾವ ಶಿಕ್ಷೆ ಆಯಿತು ಎಲ್ಲ ಇರುತ್ತದೆ. ಪಿಂಚಣಿ ಇಲ್ಲದೆ ಮನೆಗೆ ಹೋದವರ ಶೀಟ್ ರೋಲ್ 25 ವರ್ಷ ಇಟ್ಟು ನಾಶ ಮಾಡುವ ನಿಯಮ ಇತ್ತು. ಯುದ್ಧ ಮುಗಿದ ಮೇಲೆ ಕಳಿಸಿದ ಹುಡುಗರಲ್ಲಿ ಹೆಚ್ಚಿನವರಿಗೆ ಪಿಂಚಣಿ ಇರಲಿಲ್ಲ. ಹಾಗಾಗಿ ಅವರ ಕಾಗದ ಹೋಗಿರುತ್ತದೆ.

ಆದರೆ ಲಾಂಗ್ ರೋಲ್ ಅಂತ ಇನ್ನೊಂದು ಇದೆ. ದಪ್ಪ ರಿಜಿಸ್ಟರ್. ಒಬ್ಬೊಬ್ಬರಿಗೆ ನಾಲ್ಕಾರು ವಿವರ. ನಂಬರ್, ಹೆಸರು, ಸೇರಿದ ದಿನ, ಬಿಟ್ಟ ದಿನ, ಯಾಕೆ ಬಿಟ್ಟ. ಇನ್ನೊಂದು ಸಲ ಬರೆಯುವಾಗ "ಲಾಂಗ್ ರೋಲ್ ಪ್ರಕಾರ ಇರುವ ವಿವರ ಕೊಡಿ" ಅಂತಲೇ ಕೇಳಿ. ಮಾಹಿತಿ ಹಕ್ಕಿನಲ್ಲೂ ಕೇಳಬಹುದು, ಕೇಂದ್ರದ ಅರ್ಜಿಗೆ 10 ರೂಪಾಯಿ. ಮೊಮ್ಮಗ ಅನ್ನುವುದಕ್ಕೆ ಏನಾದರೂ ದಾಖಲೆ ಜೊತೆಗೆ ಇಡಿ, ಇಲ್ಲದಿದ್ದರೆ ಬೇರೆಯವರ ಖಾಸಗಿ ವಿವರ ಅಂತ ವಾಪಸ್ ಬರುತ್ತದೆ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೂ ಒಂದು ಸಲ ಹೋಗಿ ಬನ್ನಿ. ಪತ್ರ ಹೇಗೆ ಬರೆಯಬೇಕು ಅಂತ ಹೇಳಿಕೊಡುವವರು ಅಲ್ಲಿ ಸಿಗುತ್ತಾರೆ.

ಸಂಪಿಗೆಮರ

ಭಾನುವಾರ ಊರಿಗೆ ಹೋಗಿದ್ದೆ. ಫ್ರೇಮ್ ಬಿಚ್ಚಿದೆವು!

ಮಾವ ಮೊದಲು ಬೇಡವೇ ಬೇಡ ಅಂದರು. ಎಂಬತ್ತರ ದಶಕದಲ್ಲಿ ತಾತನೇ ಪೇಟೆಯಲ್ಲಿ ಫ್ರೇಮ್ ಹಾಕಿಸಿದ್ದಂತೆ. ಆಮೇಲೆ ಅವರೇ ಹೋಗಿ ಇಕ್ಕಳ ತಂದರು. ಹಿಂದಿನ ರಟ್ಟು ತೆಗೆದರೆ ಗೆದ್ದಲು ಒಂದು ಮೂಲೆ ತಿಂದಿತ್ತು. ಕಾಗದ ರಟ್ಟಿಗೆ ಅಂಟಿರಲಿಲ್ಲ, ನಮ್ಮ ಪುಣ್ಯ.

ಹಿಂಬದಿಯಲ್ಲಿ ಕೈಬರಹ. ಮಸಿ ಕಂದು ಬಣ್ಣಕ್ಕೆ ತಿರುಗಿದೆ. ಒಂದು ಸಾಲಿನಲ್ಲಿ ಇನ್‌ಸ್ಟ್ರಕ್ಟರ್ ಅಂತ ಇದೆ, 1943ರಿಂದ. ಅದರ ಕೆಳಗೆ ಓವರ್‌ಸೀಸ್ ಅಂತ ಬರೆದು, ಬರ್ಮಾ, 1945ರ ಅಕ್ಟೋಬರ್‌ನಿಂದ 1946ರ ಜುಲೈವರೆಗೆ.

ಹೋಗಿದ್ದರು! ಯುದ್ಧ ಮುಗಿದ ಮೇಲೆ ಹೋಗಿದ್ದರು.

ಮಾವ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದರು. ಆಮೇಲೆ ಅವರೇ ಹೇಳಿದರು, "ಗುಂಡು ಹಾರಿಸಿದೆ ಅಂತ ಅಪ್ಪ ಯಾವತ್ತೂ ಹೇಳಿರಲಿಲ್ಲ ಕಣೇ. ನಾನೇ ಸ್ಕೂಲಲ್ಲಿ ಹೇಳಿಕೊಂಡು ತಿರುಗಿದ್ದು."

ಲೈಬ್ರರಿಮೇಷ್ಟ್ರು

ಈಗ ನನ್ನ ಎದೆ ಹಗುರಾಯಿತು. ತಾರೀಕು ನೋಡಿ. ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು 1945ರ ಸೆಪ್ಟೆಂಬರ್ 2. ತಾತ ಹೋದದ್ದು ಅಕ್ಟೋಬರ್. ಬರ್ಮಾ ಸ್ಟಾರ್ ಲೆಕ್ಕ ಮುಗಿದ ಮರುತಿಂಗಳೇ. ಅದಕ್ಕೇ ನಕ್ಷತ್ರ ಇಲ್ಲ.

ಆಗ ಅಲ್ಲಿ ಸ್ಯಾಪರ್‌ಗಳಿಗೆ ಕೈತುಂಬಾ ಕೆಲಸ. 1942ರಲ್ಲಿ ಬ್ರಿಟಿಷರು ಹಿಂದೆ ಸರಿಯುವಾಗ ಸೇತುವೆ ಒಡೆದುಕೊಂಡು ಬಂದಿದ್ದರು. 1945ರಲ್ಲಿ ಜಪಾನಿನವರ ಸರದಿ. ಇರವಾಡಿ ನದಿಯ ಮೇಲಿನ ದೊಡ್ಡ ಆವಾ ಸೇತುವೆಯನ್ನು 1942ರಲ್ಲಿ ಮುರಿದದ್ದು, ಮತ್ತೆ ಓಡಾಟಕ್ಕೆ ಸಿಕ್ಕಿದ್ದು 1954ರಲ್ಲಿ. ದೊಡ್ಡದರ ಕಥೆ ಹೀಗಾದರೆ ಸಣ್ಣ ಹಳ್ಳಗಳ ಮೇಲಿನವು ಎಷ್ಟಿದ್ದಿರಬೇಕು!

ಹಳೇತಂಬಿ

ತಾಯಿ, ನಾನು ಎರಡು ದಿನದಿಂದ ಒಂದು ಮಾತು ತಡೆದುಕೊಂಡಿದ್ದೆ. ಕಾಗದ ನೋಡದೆ ಹೇಳಬಾರದು ಅಂತ. ಈಗ ಇನ್‌ಸ್ಟ್ರಕ್ಟರ್ ಅಂತ ಬಂತಲ್ಲ, ಹೇಳುತ್ತೇನೆ.

ನಿಮ್ಮ ತಾತ ಕಟ್ಟಿದ್ದು ಬೇಲಿ ಅಲ್ಲ. ಬೇಯ್ಲಿ.

ಬೇಯ್ಲಿ ಬ್ರಿಡ್ಜ್. ಡೊನಾಲ್ಡ್ ಬೇಯ್ಲಿ ಅನ್ನುವ ಬ್ರಿಟಿಷ್ ಎಂಜಿನಿಯರ್ ಯುದ್ಧದ ಮೊದಲ ವರ್ಷಗಳಲ್ಲಿ ಮಾಡಿದ ಉಕ್ಕಿನ ಸೇತುವೆ. ಕ್ರೇನ್ ಬೇಡ. 10 ಅಡಿ ಉದ್ದದ, 5 ಅಡಿ ಎತ್ತರದ ಪ್ಯಾನೆಲ್‌ಗಳು. ಒಂದೊಂದು 260 ಕಿಲೋ ಹತ್ತಿರ. ಆರು ಜನ ಹೆಗಲು ಕೊಟ್ಟು ಎತ್ತಿ ತಂದು, ಒಂದಕ್ಕೊಂದು ಪಿನ್ ಹಾಕಿ ಜೋಡಿಸಿ, ಈ ದಡದಿಂದ ಆ ದಡಕ್ಕೆ ರೋಲರ್ ಮೇಲೆ ತಳ್ಳುವುದು. ಮೇಲೆ ಹಾಸುವುದು ಮರದ ಹಲಗೆ. 1944ರ ಡಿಸೆಂಬರಿನಲ್ಲಿ ಬರ್ಮಾದ ಕಲೇವಾದಲ್ಲಿ ಚಿಂದ್ವಿನ್ ನದಿಗೆ ಹಾಕಿದ ತೇಲುವ ಬೇಯ್ಲಿ 1,154 ಅಡಿ ಉದ್ದ ಇತ್ತು. ಆ ಕಾಲಕ್ಕೆ ಜಗತ್ತಿನಲ್ಲೇ ಉದ್ದದ್ದು.

ನಮ್ಮ ಹುಡುಗರಲ್ಲಿ ಯಾರೂ ಬೇಯ್ಲಿ ಅನ್ನುತ್ತಿರಲಿಲ್ಲ. ನಾನೂ ಅನ್ನುತ್ತಿರಲಿಲ್ಲ. ಬೇಲಿ ಅಂತಲೇ. ಸೆಕ್ಷನ್‌ಗಳ ನಡುವೆ ಪಂದ್ಯ ನಡೆಯುತ್ತದೆ, ಯಾರು ಬೇಗ ಕಟ್ಟುತ್ತಾರೆ ಅಂತ. "ನಮ್ಮ ಸೆಕ್ಷನ್ನೇ ಫಸ್ಟು" ಅಂದರೆ ಅದೇ.

ಸಂಪಿಗೆಮರ

ಸರ್, ಇದನ್ನು ಓದಿ ಆಫೀಸಿನಲ್ಲೇ ಅತ್ತುಬಿಟ್ಟೆ. ಪಕ್ಕದವರು ಏನಾಯಿತು ಅಂದರು. ಬೇಲಿ ಅಂದೆ. ಅವರಿಗೆ ಏನು ಅರ್ಥ ಆಗಬೇಕು.

ಎಷ್ಟು ವರ್ಷ ನಕ್ಕಿದ್ದೇವೆ ಅವರ ಮುಂದೆ. ಅವರೂ ನಗುತ್ತಿದ್ದರು, ಒಂದು ಸಲವೂ ತಿದ್ದಲಿಲ್ಲ.

ಪತ್ರ ಕಳಿಸಿದ್ದೇನೆ. ಒಂದೇ ಪುಟ.

ಸಂಪಿಗೆಮರ (ಏಳು ವಾರದ ನಂತರ)

ಹೋಗಿ ಬಂದೆವು. ಉದ್ದ ಬರೆಯುತ್ತೇನೆ, ಮೊದಲೇ ಕ್ಷಮೆ.

ಪತ್ರಕ್ಕೆ ಐದು ವಾರದ ಮೇಲೆ ಫೋನ್ ಬಂತು. ತುಂಬಾ ಮರ್ಯಾದೆಯಿಂದ ಮಾತನಾಡಿದರು. ದಿನ ಹೇಳಿದರು. ಮೂರು ಜನರ ಆಧಾರ್ ಪ್ರತಿ, ಕಾರಿನ ನಂಬರ್ ಮೊದಲೇ ಕೇಳಿದರು. ನಾನು, ಅಮ್ಮ, ಮಾವ. ಮಾವ ಬಿಳಿ ಪಂಚೆ ಉಡುತ್ತೇನೆ ಅಂತ ಹಟ, ಅಮ್ಮ ಪ್ಯಾಂಟು ಹಾಕು ಅಂತ. ಪಂಚೆ ಗೆದ್ದಿತು.

ಗೇಟಿನಲ್ಲಿ ರಿಜಿಸ್ಟರ್ ಬರೆಯಬೇಕು. ಹೆಸರು, ಊರು, ನಂಬರ್, ಸಹಿ. ಮಾವ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಬರೆದರು. ಸಂತ್ರಿ ಓದಿ, "ಅಂಕಲ್, ಇದು ಯಾವ ಮೊಬೈಲ್ ನಂಬರ್, ಅಂಕೆ ಕಡಿಮೆ ಇದೆ" ಅಂದ. ಮಾವ ಬರೆದದ್ದು ತಾತನ ಆರ್ಮಿ ನಂಬರ್. ಫ್ರೇಮ್ ಬಿಚ್ಚಿದ ಮೇಲೆ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಹುಡುಗ ಅದನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ನನ್ನ ಫೋನ್ ನಂಬರ್ ಬರೆಸಿಕೊಂಡ. ಫೋನ್‌ಗಳನ್ನು ಅಲ್ಲೇ ಇಟ್ಟುಕೊಂಡರು, ಹಾಗಾಗಿ ಫೋಟೊ ಕೇಳಬೇಡಿ, ಒಂದೂ ಇಲ್ಲ.

ನಮ್ಮ ಜೊತೆ ಬಂದವರು ಕನ್ನಡದ ಹವಾಲ್ದಾರ್ ಒಬ್ಬರು. ಮೊದಲು ಯುದ್ಧ ಸ್ಮಾರಕ. ಮಾವ ಚಪ್ಪಲಿ ಬಿಟ್ಟರು. ಬಿಡಬೇಕಾಗಿಲ್ಲ ಅಂದರೂ ಕೇಳಲಿಲ್ಲ. ಆಮೇಲೆ ಮ್ಯೂಸಿಯಂ. ಅಲ್ಲಿ ಕೇಳಿದ ಎರಡು ಸಂಗತಿ ನನ್ನ ತಲೆಯಲ್ಲಿ ಕೂತಿವೆ. ಮುಳ್ಳುತಂತಿ ಸಿಡಿಸಿ ದಾರಿ ಮಾಡುವ ಬೆಂಗಳೂರು ಟಾರ್ಪಿಡೊ ಹುಟ್ಟಿದ್ದು ಇಲ್ಲೇ, 1912ರಲ್ಲಿ. ಮಾಡಿದವರು ಆಗ ಸ್ಯಾಪರ್ಸ್ ಜೊತೆಗಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದು ನನಗೆ ಗೊತ್ತಿರಲಿಲ್ಲ. ಇನ್ನೊಂದು ಸುಬೇದಾರ್ ಸುಬ್ರಮಣಿಯನ್ ಅವರದು. 1944ರ ಫೆಬ್ರವರಿ 24, ಇಟಲಿಯ ಮಿನ್ಯಾನೊ ಹತ್ತಿರ. ನೆಲಬಾಂಬ್ ಸಿಡಿಯಲು ಕ್ಷಣ ಇರುವಾಗ ಅದರ ಮೇಲೆ ಬಿದ್ದು ಜೊತೆಯವರನ್ನು ಉಳಿಸಿದರು. ಸತ್ತ ಮೇಲೆ ಜಾರ್ಜ್ ಕ್ರಾಸ್ ಅನ್ನುವ ಶೌರ್ಯ ಪದಕ ಬಂತು. ಅಮ್ಮ ಅಲ್ಲಿಂದ ಬೇಗ ಮುಂದೆ ಹೋಗಿಬಿಟ್ಟರು.

ತಾತನ ಹೆಸರು ಎಲ್ಲಿಯೂ ಇರಲಿಲ್ಲ. ಇರುತ್ತದೆ ಅಂತ ನಾವೂ ಅಂದುಕೊಂಡಿರಲಿಲ್ಲ, ಆದರೂ ಮಾವ ಪ್ರತಿ ಗ್ರೂಪ್ ಫೋಟೊ ಮುಂದೆ ನಿಂತು ಮುಖ ಮುಖ ಹುಡುಕಿದರು.

ಹೊರಗೆ ಬಂದು ನಡೆಯುವಾಗ ಹವಾಲ್ದಾರ್ ಸಾಹೇಬರು, "ಬೇಲಿ ನೋಡಬೇಕು ಅಂತ ಬರೆದಿದ್ದಿರಲ್ಲ" ಅಂದರು. ಅವರೂ ಬೇಲಿ ಅಂದರು ಹಳೇತಂಬಿ ಸರ್! ಒಂದು ಕಡೆ ಹಸಿರು ಬಣ್ಣ ಬಳಿದ ಪ್ಯಾನೆಲ್‌ಗಳನ್ನು ಜೋಡಿಸಿ ನಿಲ್ಲಿಸಿದ್ದರು. ಮಾವ ಮುಟ್ಟಬಹುದಾ ಅಂತ ಕೇಳಿ ಮುಟ್ಟಿದರು. ಸುತ್ತ ಒಂದು ಸಲ ಬಂದರು. ಎರಡು ಪ್ಯಾನೆಲ್ ಸೇರುವ ಜಾಗದಲ್ಲಿ ಬಗ್ಗಿ ನೋಡಿದರು, ಆ ಮಂಡಿ ಇಟ್ಟುಕೊಂಡು. ಅಲ್ಲಿ ಉಕ್ಕಿನ ಪಿನ್ ಇತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ನನ್ನ ಕಡೆ ತಿರುಗಿ, "ಮಂಚ" ಅಂದರು.

ಮೊದಲು ನನಗೆ ಗೊತ್ತಾಗಲಿಲ್ಲ. ಸುಸ್ತಾಗಿದೆ, ಮಲಗಬೇಕು ಅನ್ನುತ್ತಿದ್ದಾರೆ ಅಂದುಕೊಂಡೆ. ಅಮ್ಮನಿಗೆ ತಕ್ಷಣ ಗೊತ್ತಾಯಿತು. ನಮ್ಮ ಮನೆ ಮಂಚದ ಕಾಲು ಮತ್ತು ಪಟ್ಟಿ ಸೇರುವ ಕಡೆ ತಾತ ಹಾಕಿರುವ ಗೂಟ ಹಾಗೇ ಇದೆ. ಎರಡು ಕಿವಿ, ನಡುವೆ ಒಂದು ನಾಲಿಗೆ, ಮೂರನ್ನೂ ದಾಟಿ ಹೋಗುವ ಗೂಟ. ಗೂಟದ ತುದಿಯಲ್ಲಿ ಜಾರದ ಹಾಗೆ ಒಂದು ಸಣ್ಣ ಕಡ್ಡಿ. ಇಲ್ಲೂ ಪಿನ್ನಿನ ತುದಿಯಲ್ಲಿ ಕ್ಲಿಪ್ ಇತ್ತು.

"ಎಷ್ಟು ಜನ ಎತ್ತುತ್ತಾರೆ ಇದನ್ನ" ಅಂತ ಮಾವ ಕೇಳಿದರು. ಆರು ಅಂದರು. "ನಮ್ಮಪ್ಪ ಕುಳ್ಳ ಇದ್ದರು" ಅಂದರು ಮಾವ. ಹವಾಲ್ದಾರ್ ನಕ್ಕು, ಎತ್ತರದವರೂ ಕುಳ್ಳರೂ ಒಂದೇ ಕಡೆ ಇದ್ದರೆ ಕುಳ್ಳರಿಗೆ ಭಾರ ಬರುವುದಿಲ್ಲ, ಎತ್ತರದವರು ಬೈಯುತ್ತಾರೆ ಅಂದರು. ವಾಪಸ್ ಬರುವಾಗ ಕಾರಿನಲ್ಲಿ ಮಾವ ಆ ಮಾತು ನೆನೆಸಿಕೊಂಡು ಮೂರು ಸಲ ನಕ್ಕರು.

ಕುಂದಾನಗರಿ

ಓದಿ ಮುಗಿಸಿ ನಮ್ಮ ಅವ್ವನಿಗೂ ಓದಿ ಹೇಳಿದೆ. ಮಂಚದ ಫೋಟೊ ಆದರೂ ಹಾಕ್ರಿ.

ರಾಗಿಮುದ್ದೆ

ಲಾಂಗ್ ರೋಲ್ ಅಂತ ಬರೆದು ಕಳಿಸಿದ್ದೆ. ಬಂತು! ಮೂರೇ ಸಾಲು. ಅಜ್ಜ ಸೇರಿದ ದಿನ ನಮ್ಮ ಮನೆಯಲ್ಲಿ ಹೇಳುತ್ತಿದ್ದದ್ದಕ್ಕಿಂತ ಎರಡು ವರ್ಷ ಮೊದಲೇ ಇದೆ. ಅಂದರೆ 16ಕ್ಕೇ ವಯಸ್ಸು ಜಾಸ್ತಿ ಹೇಳಿ ಸೇರಿದ್ದಾರೆ. ಈಗ ನಮ್ಮ ಮನೆಯಲ್ಲಿ ಗಲಾಟೆ ಶುರು.

ಅನುಮಾನಪಕ್ಷಿ

ಎಲ್ಲರ ಮನೆಯಲ್ಲೂ ಫ್ರೇಮ್ ಬಿಚ್ಚಿಸುತ್ತಿದ್ದಾರೆ ಈ ಸುಬೇದಾರ್ ಸಾಹೇಬರು.

ಸಂಪಿಗೆಮರ

ಮಂಚದ ಫೋಟೊ ಹಾಕುತ್ತಿದ್ದೆ. ಆದರೆ ಮಂಚ ಈಗ ಮಂಚ ಆಗಿಲ್ಲ. ನಿನ್ನೆ ಮಾವ ಪಕ್ಕದ ಮನೆ ಹುಡುಗರನ್ನು ಕರೆದು ಬೇಲಿ ಬ್ರಿಡ್ಜ್ ಹೇಗಿರುತ್ತದೆ ತೋರಿಸುತ್ತೇನೆ ಅಂತ ಗೂಟ ತೆಗೆದು ಪೂರ್ತಿ ಬಿಚ್ಚಿದ್ದಾರೆ. ವಾಪಸ್ ಜೋಡಿಸಲು ಬರುತ್ತಿಲ್ಲ. ಒಂದು ಗೂಟ ಉಳಿದಿದೆ, ಅದಕ್ಕೆ ತೂತೇ ಸಿಗುತ್ತಿಲ್ಲ. ರಾತ್ರಿ ಚಾಪೆ ಮೇಲೆ ಮಲಗಿದರಂತೆ, ಅತ್ತೆ ಫೋನಿನಲ್ಲಿ ಕೂಗಾಡುತ್ತಿದ್ದಾರೆ.

ಸುಬೇದಾರ್ ಸರ್, ಯಾವ ಕಡೆಯಿಂದ ಶುರು ಮಾಡಬೇಕು?

ಹಳೇತಂಬಿ

ಬಿಚ್ಚಿದ್ದೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟು ಫೋಟೊ ಕಳಿಸಿ. ಇದಕ್ಕೆ ಯಾರ ಪರ್ಮಿಷನ್ನೂ ಬೇಡ. ಮಾವನಿಗೆ ಹೇಳಿ, ಉಳಿದ ಗೂಟಕ್ಕೆ ಸುತ್ತಿಗೆಯಲ್ಲಿ ಹೊಡೆಯಬಾರದು.